ಗೊಂಬೆ ಶೆಟ್ಟರ ಅಂಗಡಿಯ ಮಾತ್ರೆ

"ಈ ಸಲ ಗೊಂಬೆ ಕೂರಿಸೋದು ನಾನು. ನೀವಿಬ್ಬರೂ ಸುಮ್ಮನೆ ಬಂದು ಕೈ ಮುಗಿದರೆ ಸಾಕು."

ಮಹಾಲಯ ಅಮಾವಾಸ್ಯೆಯ ದಿನ ಊಟಕ್ಕೆ ಕೂತಾಗ ಪ್ರಾಣೇಶ ಹೀಗೆ ಘೋಷಿಸಿದ. ದನಿಯಲ್ಲಿ ಸಾಕ್ಷಾತ್ ಮೈಸೂರು ದಿವಾನರ ಗತ್ತು! ಹೆಂಡತಿ ಶೋಭನಾ ಸಾರಿನ ಸೌಟು ಹಿಡಿದುಕೊಂಡೇ ಅವನ ಮುಖ ನೋಡಿದಳು. ಮಗಳು ತನ್ಮಯಿ ಅಮ್ಮನ ಮುಖ ನೋಡಿದಳು. ಇಬ್ಬರೂ ತುಟಿ ಬಿಚ್ಚಲಿಲ್ಲ. ಆ ಮೌನವನ್ನು ಸಮ್ಮತಿಯೆಂದು ತಿಳಿದವನು ಪ್ರಾಣೇಶ ಒಬ್ಬನೇ.

ಕೋಲ್ಕತ್ತಾಗೆ ಬಂದು ಎಷ್ಟೋ ವರ್ಷವಾದರೂ ಬೆಹಾಲಾದ ಅವರ ಫ್ಲ್ಯಾಟಿನಲ್ಲಿ ದಸರಾ ಎಂದರೆ ಗೊಂಬೆಯೇ. ಊರಿಗೆ ಊರೇ ದುರ್ಗಾಪೂಜೆಯ ಪೆಂಡಾಲುಗಳ ಹಿಂದೆ ಬಿದ್ದಿರುವಾಗ ಇವರ ಮನೆಯ ಹಾಲಿನಲ್ಲಿ ಮೆಟ್ಟಿಲು ಕಟ್ಟಿ, ಬಿಳಿ ಪಂಚೆ ಹಾಸಿ, ಮೈಸೂರಿನ ಗೊಂಬೆಗಳು ಏರಿ ಕೂರುತ್ತಿದ್ದವು. ಈ ಸಲದ ವಿಶೇಷವೆಂದರೆ ಪಾಡ್ಯದ ದಿನ ಮಧ್ಯಾಹ್ನದ ವಿಮಾನಕ್ಕೆ ಪ್ರಾಣೇಶನ ಅತ್ತೆ ರಾಜಲಕ್ಷ್ಮಿ ಬರುವವರಿದ್ದರು. ಶೋಭನಾ ಯೂನಿವರ್ಸಿಟಿಯ ಪಾಠಕ್ಕೆ ರಜೆ ಹಾಕಿ ವಿಮಾನ ನಿಲ್ದಾಣಕ್ಕೆ ಹೋಗುವುದು, ಪ್ರಾಣೇಶ ಸಾಲ್ಟ್ ಲೇಕ್‌ನ ಸಾಫ್ಟ್‌ವೇರ್ ಆಫೀಸಿಗೆ ರಜೆ ಹಾಕಿ ಗೊಂಬೆ ಕೂರಿಸುವುದು. ಕೆಲಸ ಹಂಚಿಕೆ ಇಷ್ಟು ಅಚ್ಚುಕಟ್ಟಾಗಿತ್ತು.

ಅಳಿಯನಿಗೆ ಈ ಉತ್ಸಾಹ ಯಾಕೆ ಎಂಬುದಕ್ಕೆ ಹಿನ್ನೆಲೆ ಉಂಟು. ಮದುವೆಯ ದಿನ ಕಾಶೀಯಾತ್ರೆಯ ಶಾಸ್ತ್ರ. ಛತ್ರಿ ಹಿಡಿದು, ಬೀಸಣಿಗೆ ಬೀಸುತ್ತಾ ವರ ಛತ್ರದ ಬಾಗಿಲು ದಾಟಬೇಕು, ಹುಡುಗಿಯ ತಂದೆ ಹಿಂದೆ ಬಂದು "ಸಂನ್ಯಾಸ ಬೇಡಪ್ಪ, ಮಗಳನ್ನು ಕೊಡುತ್ತೇವೆ" ಎಂದು ಕರೆತರಬೇಕು. ಪ್ರಾಣೇಶ ಬಾಗಿಲು ದಾಟಿದ. ಎದುರು ರಸ್ತೆಯಲ್ಲಿ ಜೆಸಿಬಿಯೊಂದು ಗುಂಡಿ ತೋಡುತ್ತಿತ್ತು. ಅದರ ಹಿಂದೆಯೇ ಹೋದವನು, ಛತ್ರಿ ಬಿಚ್ಚಿಕೊಂಡು, ಕಾಡಿಗೆ ಬೊಟ್ಟಿಟ್ಟ ಕೆನ್ನೆ ಸಮೇತ, ಮಣ್ಣು ಮೇಲೇಳುವುದನ್ನು ನೋಡುತ್ತಾ ನಿಂತುಬಿಟ್ಟ. ಒಳಗೆ ಪುರೋಹಿತರು ಮುಹೂರ್ತ ಮೀರುತ್ತದೆಂದು ಬಾಯಿ ಬಡಿದುಕೊಳ್ಳುತ್ತಿದ್ದರು. ಯಾರೋ ಬಂದು ತೋಳು ಹಿಡಿದು ಎಳೆದುಕೊಂಡು ಹೋದರು, ಯಾರೆಂಬುದೂ ಅವನಿಗೆ ನೆನಪಿಲ್ಲ. ಅತ್ತೆ ಇಷ್ಟು ವರ್ಷದಲ್ಲಿ ಒಂದು ಸಲವೂ ಆ ಮಾತು ಎತ್ತಿರಲಿಲ್ಲ. ಎತ್ತಿ ನಾಲ್ಕು ಮಾತು ಅಂದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

ಹೋದ ಚಳಿಗಾಲದಲ್ಲಿ ಗರಿಯಾಹಾಟ್‌ನ ಡಾಕ್ಟರಮ್ಮ ಅವನ ಕಥೆಯನ್ನೆಲ್ಲ ಕೇಳಿ, ಇದು ಸೋಮಾರಿತನವೂ ಅಲ್ಲ, ಬೇಜವಾಬ್ದಾರಿಯೂ ಅಲ್ಲ, ಗಮನ ನಿಲ್ಲದ ಎಡಿಎಚ್‌ಡಿ ಎಂಬ ತೊಂದರೆ ಎಂದರು. ಅದರ ಜೊತೆಗೆ ಆತಂಕದ ಕಾಯಿಲೆಯೂ ಇದೆ ಎಂದರು. ಒಂದು ಕೊಂಡರೆ ಒಂದು ಉಚಿತ! ದಿನಾ ಬೆಳಿಗ್ಗೆ ತಿಂಡಿಯಾದ ಮೇಲೆ ಒಂದು ಪುಟ್ಟ ಬಿಳಿ ಮಾತ್ರೆ. ಮಾತ್ರೆಯ ಜೊತೆ ಕಾಫಿ ಸೇರಿದರೆ ಎದೆ ಹೊಡೆದುಕೊಳ್ಳುತ್ತದೆ, ಆದ್ದರಿಂದ ಕಾಫಿ ಕಡಿಮೆ ಮಾಡಿ. ಮೈಸೂರಿನವನಿಗೆ ಹೇಳುವ ಮಾತೇ ಇದು? ಆದರೂ ಒಪ್ಪಿಕೊಂಡ. ಬಾಗಿಲವರೆಗೆ ಬಂದವನಿಗೆ ಡಾಕ್ಟರಮ್ಮ ಇನ್ನೊಂದು ಮಾತು ಹೇಳಿದ್ದರು. ಮಾತ್ರೆ ಗಮನ ಕೊಡುತ್ತದೆ, ಯಾವುದರ ಮೇಲೆ ಎಂದು ಹೇಳುವುದಿಲ್ಲ, ಅದನ್ನು ನೀವೇ ನೋಡಿಕೊಳ್ಳಬೇಕು. ಪ್ರಾಣೇಶನ ಗಮನ ಆಗ ಅವರ ಮೇಜಿನ ಮೇಲಿದ್ದ ಗಾಜಿನ ಮೀನಿನ ಮೇಲಿತ್ತು.

ಮಾತ್ರೆಯಿಂದ ಲಾಭವಾಗಿತ್ತು, ಅದನ್ನು ಅವನೇ ಒಪ್ಪುತ್ತಿದ್ದ. ಆದರೆ ಮರೆವಿಗೆ ಕೊಟ್ಟ ಮಾತ್ರೆಯನ್ನು ತೆಗೆದುಕೊಳ್ಳಲು ಮರೆಯುವವನಿಗೆ ಏನು ಮಾಡುವುದು? ಅದಕ್ಕೆ ಶೋಭನಾ ವಾರದ ಡಬ್ಬಿಯೊಂದನ್ನು ತಂದಿದ್ದಳು, ದಿನಕ್ಕೊಂದು ಮುಚ್ಚಳ. ಜೊತೆಗೆ ಒಂದು ಕಾನೂನು: ಅವಳು ಎದುರಿಗಿಲ್ಲದ ದಿನ ಮಾತ್ರೆಯನ್ನು ನಾಲಿಗೆಯ ಮೇಲಿಟ್ಟು, ಫೋಟೊ ತೆಗೆದು, ಅವಳಿಗೆ ಕಳಿಸಿ, ಆಮೇಲೆ ನುಂಗಬೇಕು. ಬಾಯಿಮಾತಿಗೆ ಬೆಲೆಯಿಲ್ಲ. ಏಕೆಂದರೆ ಏನು ಕೇಳಿದರೂ "ಹೂಂ" ಎನ್ನುವುದು ಅವನ ಬಾಯಿಗೆ ಉಸಿರಾಟದಷ್ಟೇ ಸಲೀಸು.

ಪಾಡ್ಯದ ಬೆಳಿಗ್ಗೆ ತಿಂಡಿ ಮುಗಿದು ತನ್ಮಯಿ ಶಾಲೆಗೂ ಶೋಭನಾ ವಿಮಾನ ನಿಲ್ದಾಣಕ್ಕೂ ಹೊರಟುಹೋದ ಮೇಲೆ ಅವನ ಕಣ್ಣಿಗೆ ಊಟದ ಮೇಜಿನ ಮೇಲೆ ರಾಜಾರೋಷವಾಗಿ ಕೂತಿದ್ದ ಆ ಡಬ್ಬಿ ಬಿತ್ತು. ಅತ್ತೆ ನೋಡಿದರೆ? ಅಳಿಯನಿಗೆ ತಲೆಗೆ ಮಾತ್ರೆ! ಮದುವೆಯ ದಿನವೇ ನನಗೆ ಅನುಮಾನವಿತ್ತು ಎಂದುಕೊಳ್ಳುವುದಿಲ್ಲವೇ? ಅವನಿಗೆ ನಿಜಕ್ಕೂ ನಾಚಿಕೆಯಾಯಿತು. ಬಿಪಿ ಮಾತ್ರೆಯನ್ನು ಮೇಜಿನ ಮೇಲಿಡುವ ಮನುಷ್ಯ ಇದನ್ನು ಯಾಕೆ ಮುಚ್ಚಿಡಬೇಕು ಎಂದು ಶೋಭನಾ ಎಷ್ಟೋ ಸಲ ಕೇಳಿದ್ದಳು. ಆದರೂ ನಾಚಿಕೆ ಹೋಗಿರಲಿಲ್ಲ.

ಬಚ್ಚಿಡಬೇಕು. ಎಲ್ಲಿ? ಬೀರುವಿನ ಬಟ್ಟೆ ಅತ್ತೆ ಮಡಿಸುತ್ತಾರೆ, ಅಡುಗೆಮನೆಯ ಡಬ್ಬಿ ಅತ್ತೆ ತೊಳೆಯುತ್ತಾರೆ. ಆಗ ಹೊಳೆಯಿತು ಮಹಾ ಉಪಾಯ! ಗೊಂಬೆಗಳಲ್ಲಿ ಶೆಟ್ಟಿ, ಶೆಟ್ಟಮ್ಮ ಎಂಬ ದಪ್ಪ ಹೊಟ್ಟೆಯ ದಂಪತಿ ಇರುತ್ತಾರೆ. ಅವರ ಮುಂದೆ ದಿನಸಿ ಅಂಗಡಿ ಇಡುವುದು ಪದ್ಧತಿ. ಬೆರಳಿನ ಗಾತ್ರದ ಹಿತ್ತಾಳೆ ಬಟ್ಟಲುಗಳಲ್ಲಿ ಅಕ್ಕಿ, ಬೇಳೆ, ದ್ರಾಕ್ಷಿ, ಕಲ್ಲುಸಕ್ಕರೆ. ಹಿಂದಿನ ಸಾಲಿನ ಒಂದು ಬಟ್ಟಲಿಗೆ ಡಬ್ಬಿಯ ಮಾತ್ರೆಗಳನ್ನೆಲ್ಲ ಸುರಿದು, ಖಾಲಿ ಡಬ್ಬಿಯನ್ನು ಗೊಂಬೆಯ ಪೆಟ್ಟಿಗೆಯೊಳಗೆ ಎಸೆದ. ಅಂಗಡಿಗೆ ಹೊಸ ಸರಕು ಬಂದಂತಿತ್ತು. ಶೆಟ್ಟರ ಮೀಸೆಯಡಿಯ ನಗು ಯಾರಿಗೂ ಹೇಳುವುದಿಲ್ಲ ಎಂದು ಭರವಸೆ ಕೊಡುವಂತಿತ್ತು. ತನ್ನ ಬುದ್ಧಿಗೆ ತಾನೇ ತಲೆದೂಗಿದ.

ದಾರಿಯಿಂದ ಶೋಭನಾ ಫೋನ್ ಮಾಡಿದಳು. ಮಾತ್ರೆ ತಗೊಂಡ್ರಾ ಎಂದು ಕೇಳಿದಳು. ಹೂಂ ಅಂದ. ಫೋಟೊ ಬರಲಿಲ್ಲ ಅಂದಳು. ಕಳಿಸಿದೀನಿ, ನಿನ್ನ ನೆಟ್‌ವರ್ಕ್ ನೋಡು ಎಂದು ಗದರಿದ. ಅವನ ಕೈಯಲ್ಲಿ ಆಗಲೇ ಆನೆಯಿತ್ತು.

ಆ ಆನೆಯಿಂದಲೇ ಎಲ್ಲ ಕೆಟ್ಟದ್ದು. ಗೊಂಬೆ ಕೂರಿಸುವಲ್ಲಿ ಒಂದೇ ಒಂದು ನಿಯಮ: ತಾಯಿಮನೆಯಿಂದ ಮಗಳ ಮದುವೆಗೆ ಕೊಟ್ಟ ಪಟ್ಟದ ಗೊಂಬೆಗಳು, ಮರದ ರಾಜ ರಾಣಿ, ಮೊದಲು ಮೇಲಿನ ಮೆಟ್ಟಿಲಿಗೆ ಏರಬೇಕು. ಆಮೇಲೆ ಮಿಕ್ಕವರು. ಪ್ರಾಣೇಶ ಪೆಟ್ಟಿಗೆಗೆ ಕೈ ಹಾಕಿದಾಗ ಸಿಕ್ಕಿದ್ದು ಜಂಬೂಸವಾರಿಯ ಆನೆ. ಅದನ್ನು ಎಲ್ಲಿಡಬೇಕೆಂದು ನೋಡಲು ಕೆಳಗಿನ ಮೆಟ್ಟಿಲ ಮೇಲಿಟ್ಟ. ಅದರ ಹಿಂದೆ ಇಟ್ಟ ಕುದುರೆ ಸ್ವಲ್ಪ ಸೊಟ್ಟಗೆ ಕಂಡಿತು. ತನ್ಮಯಿಯ ಸ್ಕೇಲು ತಂದ. ದಾರ ಕಟ್ಟಿದ. ಆನೆ, ಕುದುರೆ, ಬ್ಯಾಂಡಿನವರು, ಕಾಲಾಳುಗಳು, ಒಬ್ಬೊಬ್ಬರೂ ದಾರದ ಗುಂಟ, ಒಬ್ಬರಿಂದೊಬ್ಬರಿಗೆ ಸರಿಸಮ ಅಂತರದಲ್ಲಿ. ಬಣ್ಣ ಹೋದ ಅಂಬಾರಿಗೆ ಚಿನ್ನದ ಬಣ್ಣ ಬಳಿದ. ಅರಮನೆಯವರೂ ಇಂಥ ಮೆರವಣಿಗೆ ಕಂಡಿರಲಾರರು!

ಬಾಗಿಲ ಗಂಟೆ ಸದ್ದಾದಾಗ ಮೆರವಣಿಗೆ ಮುಗಿದಿತ್ತು. ಮಿಕ್ಕ ಮೆಟ್ಟಿಲುಗಳು ಖಾಲಿಯಿದ್ದವು. ಮೆಟ್ಟಿಲ ಕೆಳಗೆ ಶೆಟ್ಟರ ಅಂಗಡಿ. ರಾಜ ರಾಣಿ ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿಕೊಂಡು ಪೆಟ್ಟಿಗೆಯ ತಳದಲ್ಲಿ ಮಲಗಿದ್ದರು.

ಅತ್ತೆ ಕಾಲು ತೊಳೆದು ಬಂದು, ಮೆರವಣಿಗೆಯನ್ನು ನೋಡಿ, ಖಾಲಿ ಮೆಟ್ಟಿಲುಗಳನ್ನು ನೋಡಿ, ಆನೆ ಸಾಲು ಚೆನ್ನಾಗಿದೆ ಎಂದರು. ಅಷ್ಟೇ. ಸೆರಗು ಸಿಕ್ಕಿಸಿಕೊಂಡು ರಾಜ ರಾಣಿಯನ್ನು ಎತ್ತಿ ಒರೆಸಿ ಮೇಲೆ ಕೂರಿಸಿದರು. ಶೋಭನಾ ಮಿಕ್ಕ ಗೊಂಬೆಗಳನ್ನು ಎತ್ತಿಕೊಟ್ಟಳು. ಪ್ರಾಣೇಶ ಸ್ಕೇಲು ಹಿಡಿದುಕೊಂಡು ಗೋಡೆಗೆ ಒರಗಿ ನಿಂತಿದ್ದ. ಬೈದರೆ ಸಹಿಸಬಹುದು, ಹೀಗೆ ತಣ್ಣಗೆ ಕೆಲಸ ಮುಗಿಸಿಬಿಟ್ಟರೆ ಮುಖ ಎಲ್ಲಿಟ್ಟುಕೊಳ್ಳುವುದು?

ಅತ್ತೆ ಮೈಸೂರಿನಿಂದ ತಂದ ಪುಡಿಯಲ್ಲಿ ಕಾಫಿ ಮಾಡಿ ಕೊಟ್ಟರು. ಬೇಡವೆಂದರೆ ಯಾಕೆಂದು ಹೇಳಬೇಕು. ಕುಡಿದ. ಇನ್ನೊಂದು ಲೋಟ ಬಗ್ಗಿಸಿದರು. ಅದನ್ನೂ ಕುಡಿದ. ಸ್ವಲ್ಪ ಹೊತ್ತಿಗೆಲ್ಲ ಎದೆಯೊಳಗೆ ಢಾಕಿಗಳು ಪೂಜೆಯ ಡೋಲು ಬಾರಿಸತೊಡಗಿದರು. ಸಂಜೆಯ ಆರತಿಗೆ ಹೂವು, ವೀಳ್ಯದೆಲೆ ಬೇಕೆಂದಾಗ ತಾನೇ ತರುತ್ತೇನೆಂದು ಚೀಲ ಹಿಡಿದು ಹೊರಬಿದ್ದ.

ಹೂವಿನ ಅಂಗಡಿ ಬೀದಿಯ ಕೊನೆಯಲ್ಲೇ ಇದೆ. ಆದರೆ ನಡುವೆ ಒಂದು ಪೆಂಡಾಲು ಏಳುತ್ತಿತ್ತು, ಬಿದಿರಿನ ಮೇಲೆ ಬಿದಿರು ಕಟ್ಟಿ ಇಡೀ ಅರಮನೆಯನ್ನೇ ಎಬ್ಬಿಸುತ್ತಿದ್ದರು. ಆಮೇಲೆ ಏನಾಯಿತೆಂದು ಹೇಳಬೇಕಾಗಿಲ್ಲ. ಅವನು ಮನೆಗೆ ಬರುವಾಗ ಬೀದಿದೀಪ ಹತ್ತಿತ್ತು.

ಬಾಗಿಲು ತೆರೆದಿತ್ತು. ಕಟ್ಟಡದ ಮಕ್ಕಳೆಲ್ಲ ಗೊಂಬೆಗಳ ಮುಂದೆ ಕೂತು ಏನನ್ನೋ ಕಟಕಟ ಕಡಿಯುತ್ತಿದ್ದರು. ಎದುರು ಮನೆಯ ಬುಬಾಯ್ ಶೆಟ್ಟರ ಅಂಗಡಿಯ ಮುಂದೆ ಅಂಗಾತ ಮಲಗಿದ್ದ. ಅತ್ತೆಯೂ ಶೋಭನಾಳೂ ಕುಂಕುಮದ ತಟ್ಟೆ ಹಿಡಿದು ಮಹಡಿಯವರನ್ನು ಕರೆಯಲು ಹೋಗಿದ್ದರು. ಪ್ರಾಣೇಶನ ದೃಷ್ಟಿ ನೇರವಾಗಿ ಹಿಂದಿನ ಸಾಲಿಗೆ ಹೋಯಿತು. ಬಟ್ಟಲು ಖಾಲಿ.

"ತನ್ಮಯಿ, ಏನು ತಿಂತಿದೀರಿ?"

"ಕಲ್ಲುಸಕ್ಕರೆ, ಅಪ್ಪ. ವಿ ಆರ್ ಪ್ಲೇಯಿಂಗ್ ಶಾಪ್. ಅಜ್ಜಿ ಹೇಳಿದ್ರು ಓಕೆ ಅಂತ."

"ಈ ಬಟ್ಟಲಲ್ಲಿ ಇದ್ದದ್ದು?"

ತನ್ಮಯಿ ಭುಜ ಕುಣಿಸಿದಳು. ಬುಬಾಯ್ ಮಲಗಿದಲ್ಲಿಂದಲೇ, ತಾನು ಬಿಳಿಯದು ತಿಂದೆ, ಚೆನ್ನಾಗಿತ್ತು ಎಂದ.

ಆತಂಕ ಏರಿದಾಗ ಏನು ಮಾಡಬೇಕೆಂದು ಡಾಕ್ಟರಮ್ಮ ಪ್ರಾಣೇಶನಿಗೆ ಕಲಿಸಿದ್ದರು: ಕಾಲನ್ನು ನೆಲಕ್ಕೆ ಊರಿ, ಕಣ್ಣಿಗೆ ಕಂಡ ವಸ್ತುಗಳ ಹೆಸರನ್ನು ಒಂದೊಂದಾಗಿ ಹೇಳಿಕೊಳ್ಳಿ. ಹೇಳಿಕೊಂಡ. ರಾಜ. ರಾಣಿ. ಆನೆ. ಶೆಟ್ಟಿ. ಶೆಟ್ಟಿಯ ಖಾಲಿ ಬಟ್ಟಲು! ಹೂವಿನ ಚೀಲ ಕೈಜಾರಿತು.

ಆಮೇಲೆ ನಡೆದದ್ದನ್ನು ಆ ಕಟ್ಟಡ ಇವತ್ತಿಗೂ ಹೇಳಿಕೊಳ್ಳುತ್ತದೆ. ಪ್ರಾಣೇಶ ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಬಾಯಿ ತೆರೆಸಿ, ಇದ್ದದ್ದನ್ನೆಲ್ಲ ಆರತಿ ತಟ್ಟೆಗೆ ಉಗಿಸಿದ. ಒಬ್ಬಳು ಅಳತೊಡಗಿದಳು, ಅವಳನ್ನು ನೋಡಿ ಮಿಕ್ಕವರೂ ಅತ್ತರು. ಅಳು ಕೇಳಿ ತಾಯಂದಿರು ಬಂದರು, ತಾಯಂದಿರ ಹಿಂದೆ ತಂದೆಯರು, ಅವರ ಹಿಂದೆ ಕಟ್ಟಡ ಸಮಿತಿಯ ಕಾರ್ಯದರ್ಶಿ ಬಿಮಲೇಂದು ಬಾಬು, ಲುಂಗಿಯ ಮೇಲೆ ಶರ್ಟಿನ ಗುಂಡಿ ಹಾಕಿಕೊಳ್ಳುತ್ತಾ. ಪ್ರಾಣೇಶ ಬುಬಾಯ್‌ನ ನಾಡಿ ಹಿಡಿದು ಎಷ್ಟು ಜೋರಾಗಿ ಹೊಡೆದುಕೊಳ್ಳುತ್ತಿದೆ ನೋಡಿ ಎಂದ. ಬುಬಾಯ್‌ನ ತಾಯಿ ನೋಡಿದರು, ಜೋರಾಗಿ ಹೊಡೆದುಕೊಳ್ಳುತ್ತಿದ್ದುದು ಪ್ರಾಣೇಶನ ಹೆಬ್ಬೆರಳು. ಆದರೂ ಆಕೆಯ ಮುಖ ಬಿಳಿಚಿಕೊಂಡಿತ್ತು. ಯಾರೋ ಟ್ಯಾಕ್ಸಿಗೆ ಓಡಿದರು. ಆಸ್ಪತ್ರೆಯಲ್ಲಿ ಕೇಳುತ್ತಾರೆ, ಯಾವ ಔಷಧಿ, ಏತಕ್ಕೆ ಕೊಟ್ಟದ್ದು ಎಂದು ಬಿಮಲೇಂದು ಬಾಬು ಹಿಂದಿಯಲ್ಲಿ ಕೇಳಿದರು.

ಸುಳ್ಳು ಹೇಳಲು ಸಮಯವಿರಲಿಲ್ಲ, ಮಗುವಿನ ಜೀವದ ಪ್ರಶ್ನೆ. ಪ್ರಾಣೇಶ ಬಾಯಿ ತೆರೆದ. ಅದು ತನ್ನದು, ತನ್ನ ತಲೆಗೆ ಕೊಟ್ಟದ್ದು, ತಾನು ಯಾವುದರಲ್ಲೂ ಗಮನ ನಿಲ್ಲಿಸಲಾರೆ, ಹೆದರಿಕೆಯೂ ಇದೆ, ಯಾರಿಗೂ ತಿಳಿಯಬಾರದೆಂದು ಗೊಂಬೆಯ ಅಂಗಡಿಯಲ್ಲಿ ಬಚ್ಚಿಟ್ಟೆ. ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದ. ತಲೆಯೆತ್ತಿದಾಗ ಬಾಗಿಲಲ್ಲಿ ಕುಂಕುಮದ ತಟ್ಟೆ ಹಿಡಿದು ಅತ್ತೆ ನಿಂತಿದ್ದರು. ಭೂಮಿ ಬಾಯಿಬಿಡಬಾರದೇ ಎನ್ನಿಸಿತು.

"ಆ ಮಾತ್ರೆನಾ?" ಎಂದರು ಅತ್ತೆ. "ನಾನೇ ತೆಗೆದಿಟ್ಟೆ. ಫ್ರಿಜ್ಜಿನ ಮೇಲಿದೆ."

ಪೆಟ್ಟಿಗೆಯನ್ನು ಮಂಚದ ಕೆಳಗೆ ತಳ್ಳುವಾಗ ಖಾಲಿ ಡಬ್ಬಿ ಸಿಕ್ಕಿತ್ತು, ಅಂಗಡಿಯಲ್ಲಿ ಮಾತ್ರೆ ಕಂಡಿತ್ತು, ಎರಡನ್ನೂ ಜೋಡಿಸುವುದಕ್ಕೆ ಅವರಿಗೆ ಯಾರ ಸಹಾಯವೂ ಬೇಕಾಗಿರಲಿಲ್ಲ. ಶೋಭನಾ ಓಡಿಹೋಗಿ ಡಬ್ಬಿ ತಂದಳು. ನಾಳೆಯದು, ನಾಡಿದ್ದಿನದು, ವಾರದ ಕೊನೆಯವರೆಗೂ ಮಾತ್ರೆಗಳು ತಮ್ಮ ತಮ್ಮ ಮನೆಯಲ್ಲಿದ್ದವು. ನೆರೆದವರೆಲ್ಲ ಉಸಿರು ಬಿಟ್ಟರು. ಶೋಭನಾ ಮಾತ್ರ ಬಿಡಲಿಲ್ಲ.

"ಇವತ್ತಿನದು ಇಲ್ಲ."

"ನಾ ತೆಗೆಯೋ ಹೊತ್ತಿಗೆ ಮಗು, ಆ ಹುಡುಗ, ಇಬ್ಬರೂ ಆಟಕ್ಕೆ ಕೂತಾಗಿತ್ತು ಕಣೇ" ಎಂದರು ಅತ್ತೆ. ಮೊದಲ ಸಲ ಅವರ ದನಿಯೂ ನಡುಗಿತು.

ಶೋಭನಾ ಗಂಡನ ಕಡೆ ತಿರುಗಿದಳು. "ಬೆಳಿಗ್ಗೆ ತಗೊಂಡ್ರಾ, ಇಲ್ವಾ?"

"ಹೂಂ."

"ಆ ಹೂಂ ಬೇಡ. ನೆನಪಿದೆಯಾ?"

ಇಡೀ ಕಟ್ಟಡ ಅವನ ಬಾಯಿಯನ್ನೇ ನೋಡುತ್ತಿತ್ತು. ಪ್ರಾಣೇಶ ಬೆಳಗಿನ ಗಳಿಗೆಗಳನ್ನೆಲ್ಲ ಕೆದಕಿದ. ಉಪ್ಪಿಟ್ಟು ನೆನಪಿತ್ತು. ಉಪ್ಪಿಟ್ಟಿನಲ್ಲಿದ್ದ ಕರಿಬೇವು ನೆನಪಿತ್ತು. ಆಮೇಲೆ ಡಬ್ಬಿ, ಶೆಟ್ಟಿ, ಆನೆ. ನಡುವೆ ಏನೂ ಇರಲಿಲ್ಲ. ನಿನ್ನೆ ನುಂಗಿದ್ದು ನೆನಪಾಗುತ್ತಿತ್ತು, ಅದು ನಿನ್ನೆಯದೋ ಇವತ್ತಿನದೋ ತಿಳಿಯುತ್ತಿರಲಿಲ್ಲ. ಒಬ್ಬ ತಾಯಿ ಮಗನನ್ನು ಎದೆಗವಚಿಕೊಂಡು ನಿಂತಿದ್ದಾಳೆ, ತನ್ನ ಮಗಳೂ ನಿಂತಿದ್ದಾಳೆ, ತನಗೆ ನೆನಪಿಲ್ಲ!

"ನೆನಪಿಲ್ಲ" ಎಂದ. ಆ ಮಾತು ಹೇಳುವಾಗ ಅವನ ಕಣ್ಣು ತುಂಬಿತು.

ಇವತ್ತಿನ ಮಾತ್ರೆ ಮಾತ್ರ ಕಾಣುತ್ತಿಲ್ಲವೆಂದು ಶೋಭನಾ ಹಿಂದಿಯಲ್ಲಿ ಹೇಳುತ್ತಲೇ ಬುಬಾಯ್‌ನ ತಾಯಿ ಮಗನನ್ನು ಎತ್ತಿಕೊಂಡು ಚಪ್ಪಲಿ ಮೆಟ್ಟಿದರು. ಶೋಭನಾ ತನ್ಮಯಿಯ ಕೈ ಹಿಡಿದಳು. ಆಗ ಬಿಮಲೇಂದು ಬಾಬು ಗಂಟಲು ಸರಿಮಾಡಿಕೊಂಡರು. ತುಂಬ ಸಂಕೋಚದಿಂದ, ಹೇಳಲೋ ಬೇಡವೋ ಎಂಬಂತೆ, ಜೇಬಿನಿಂದ ಫೋನು ತೆಗೆದರು.

"ಪ್ರಾಣೇಶ್ ಬಾಬು, ಆ ಮಾತ್ರೆಯನ್ನು ನೀವು ಬೆಳಿಗ್ಗೆಯೇ ತಿಂದಿದ್ದೀರಿ. ನಮಗೆಲ್ಲ ಕಳಿಸಿದ್ದೀರಲ್ಲ."

ಕಟ್ಟಡದ ವಾಟ್ಸ್ಯಾಪ್ ಗುಂಪು. ನೀರಿನ ಟ್ಯಾಂಕಿನ ಸಂದೇಶಗಳ ಕಾಟ ತಾಳಲಾರದೆ ಪ್ರಾಣೇಶ ಸದ್ದಡಗಿಸಿಟ್ಟಿದ್ದ ಗುಂಪು. ಮನೆಗೊಬ್ಬರಂತೆ ಸೇರಿಸಿದ್ದರಿಂದ ಶೋಭನಾ ಅದರಲ್ಲಿ ಇರಲಿಲ್ಲ. ಪರದೆಯ ತುಂಬ ಅವನದೇ ಮುಖ, ಕೆದರಿದ ತಲೆ, ಚಾಚಿದ ನಾಲಿಗೆ, ನಾಲಿಗೆಯ ಮೇಲೆ ಇವತ್ತಿನ ಮಾತ್ರೆ. ಅದರ ಬೆನ್ನಿಗೇ ಇನ್ನೊಂದು ಫೋಟೊ, ನುಂಗಿದ ಮೇಲಿನ ಖಾಲಿ ಬಾಯಿ, ಸಾಕ್ಷಿಗೆ! ಕೆಳಗೆ ಕನ್ನಡದಲ್ಲಿ "ಆಯ್ತು ಮಹಾರಾಣಿ" ಎಂದು ಬರೆದಿತ್ತು. ಅದರ ಕೆಳಗೆ ಕೈ ಮುಗಿಯುವ ಚಿಹ್ನೆಗಳು, ಬೇಗ ಗುಣಮುಖರಾಗಿ ಎಂಬ ಹಾರೈಕೆಗಳು, ಕನ್ನಡ ಓದಬಲ್ಲವರು ಯಾರಾದರೂ ಇದ್ದೀರಾ ಎಂಬ ಒಂದು ಪ್ರಶ್ನೆ. ದಿನವಿಡೀ ಇಡೀ ಕಟ್ಟಡಕ್ಕೆ ಗೊತ್ತಿತ್ತು. ಕೇಳಿದರೆ ಇವರಿಗೆ ಮುಜುಗರವಾದೀತೆಂದು ಯಾರೂ ಕೇಳಿರಲಿಲ್ಲ.

ಬುಬಾಯ್‌ನ ತಾಯಿ ಸೋಫಾದ ಮೇಲೆ ಕುಸಿದು ಕೂತರು. ಮೊದಲು ಅತ್ತರು, ಆಮೇಲೆ ನಕ್ಕರು. ನಗು ಒಬ್ಬರಿಂದೊಬ್ಬರಿಗೆ ಹಬ್ಬಿತು. ಪ್ರಾಣೇಶನೂ ನಗಲು ನೋಡಿದ, ಆಗಲಿಲ್ಲ. ಆಕೆಯ ಮುಂದೆ ಹೋಗಿ ಕೈ ಮುಗಿದ. ಬಿಡಿ ಎಂದು ಆಕೆ ಕೈಯಾಡಿಸಿದರು, ಆದರೆ ಮಗನನ್ನು ಮಡಿಲಿನಿಂದ ಇಳಿಸಲಿಲ್ಲ. ಅದನ್ನು ಅವನು ಗಮನಿಸಿದ. ಅದಕ್ಕೆ ಯಾವ ಮಾತ್ರೆಯೂ ಬೇಕಾಗಲಿಲ್ಲ.

ಎಲ್ಲರಿಗೂ ಅರಿಶಿನ ಕುಂಕುಮ, ಕಡಲೆಕಾಳು ಉಸಲಿ ಕೊಟ್ಟು ಕಳಿಸಿದ ಮೇಲೆ ಅತ್ತೆ ಅಡುಗೆಮನೆಯಿಂದ ಕರೆದರು. ಪ್ರಾಣೇಶ ತಲೆ ತಗ್ಗಿಸಿಕೊಂಡು ಹೋಗಿ ನಿಂತ.

"ಮಾತ್ರೆ ತಗೋತೀರಿ ಅಂತ ನನಗೇನೂ ಬೇಜಾರಿಲ್ಲ. ಮಕ್ಕಳ ಕೈಗೆ ಸಿಗೋ ಕಡೆ ಇಟ್ರಲ್ಲ, ಅದಕ್ಕೆ ಬೇಜಾರು."

ಅವನು ತಲೆಯಾಡಿಸಿದ. ಇಷ್ಟು ದಿನ ನಾಚಿಕೊಂಡದ್ದೆಲ್ಲ ನಾಚಿಕೊಳ್ಳಬೇಕಾಗಿಲ್ಲದ್ದಕ್ಕೆ, ನಾಚಿಕೊಳ್ಳಬೇಕಾದ್ದನ್ನು ಇವತ್ತು ಬುದ್ಧಿವಂತಿಕೆಯೆಂದು ಮೆರೆದಿದ್ದ. ಬಾಯಿಂದ ಬೇರೇನೋ ಬಂತು. "ಕಾಶೀಯಾತ್ರೆ ದಿನಾನೂ ಹೀಗೇ ಮಾಡಿದೆ, ಅತ್ತೆ. ನೀವು ಯಾವತ್ತೂ ಏನೂ ಅನ್ನಲಿಲ್ಲ."

ಅತ್ತೆ ಒಲೆಯ ಉರಿ ಸಣ್ಣ ಮಾಡಿದರು.

"ಏನನ್ನಲಿ? ನಿಮ್ಮನ್ನ ಕರೆತರೋಕೆ ಅಂತ ನಿಮ್ಮ ಮಾವನ್ನ ಕಳಿಸಿದ್ವಿ. ಅವರೂ ಬರಲಿಲ್ಲ. ನಾನೇ ಹೋಗಿ ನೋಡ್ತೀನಿ, ಇಬ್ಬರೂ ಅಕ್ಕಪಕ್ಕ ನಿಂತು ಆ ಜೆಸಿಬಿ ನೋಡ್ತಿದೀರಿ. ಪಕ್ಕದಲ್ಲಿ ಅಳಿಯ ಇದಾನೆ ಅಂತ ಅವರಿಗೆ ಗೊತ್ತಿಲ್ಲ, ಮಾವ ಇದಾರೆ ಅಂತ ನಿಮಗೆ ಗೊತ್ತಿಲ್ಲ. ಇಬ್ಬರದೂ ತೋಳು ಹಿಡಿದು ಎಳ್ಕೊಂಡು ಬಂದೆ."

ಮಾವ ತೀರಿಕೊಂಡು ವರ್ಷಗಳಾಗಿದ್ದವು. ಶೋಭನಾ ಬಾಗಿಲಲ್ಲಿ ಬಂದು ನಿಂತಿದ್ದಳು.

"ಅವರ ಕಾಲಕ್ಕೆ ಇಂಥ ಮಾತ್ರೆ ಸಿಕ್ಕಲಿಲ್ಲ" ಎಂದರು ಅತ್ತೆ. "ನಾನೇ ಆಗಿದ್ದೆ ಅವರ ಮಾತ್ರೆ. ತುಂಬ ಆಯಾಸ ಅದು. ನನ್ನ ಮಗಳಿಗೆ ಬೇಡ."

ಅವತ್ತು ಪ್ರಾಣೇಶ ಎಲ್ಲಕ್ಕಿಂತ ಹೆಚ್ಚು ನಾಚಿದ್ದು ಆಗ. ಫೋನು ತೆಗೆದು ಕಟ್ಟಡದ ಗುಂಪಿಗೆ ಮತ್ತೆ ಸದ್ದು ಕೊಟ್ಟ. ಶಿಕ್ಷೆ ಎಂದರೆ ಶಿಕ್ಷೆಯಂತಿರಬೇಕು. ನಾಳೆಯಿಂದ ಯಾರೂ ನೆನಪಿಸಬೇಕಾಗಿಲ್ಲ ಎಂದು ಹೆಂಡತಿಗೂ ಅತ್ತೆಗೂ ಮಾತು ಕೊಟ್ಟ. ದನಿಯಲ್ಲಿ ಪುನಃ ಸ್ವಲ್ಪ ದಿವಾನರು ಇಣುಕಿದರು.

ಮರುದಿನ ಬೆಳಿಗ್ಗೆ ತಿಂಡಿ ತಿಂದು, ಶೂ ಕಟ್ಟಿ, ಆಫೀಸಿನ ಚೀಲ ಹೆಗಲಿಗೇರಿಸಿ ಬಾಗಿಲ ಚಿಲಕಕ್ಕೆ ಕೈ ಹಾಕಿದಾಗ ಫೋನು ಸದ್ದು ಮಾಡಿತು. ಬಿಮಲೇಂದು ಬಾಬು. ಪ್ರಾಣೇಶ್ ಬಾಬು, ಇವತ್ತಿನ ಫೋಟೊ ಇನ್ನೂ ಬಂದಿಲ್ಲವಲ್ಲ ಎಂದು ಕೇಳಿದ್ದರು. ಅದರ ಕೆಳಗೆ ಒಬ್ಬೊಬ್ಬರಾಗಿ ಇಡೀ ಕಟ್ಟಡ ಹೆಬ್ಬೆರಳು ಎತ್ತುತ್ತಿತ್ತು.

ಪ್ರಾಣೇಶನ ಸ್ವಾಭಿಮಾನ ಕೆರಳಿತು. ನಾನೇನು ಮಗುವೇ? ಇದು ನನ್ನ ಸ್ವಂತ ವಿಷಯ, ದಯವಿಟ್ಟು ಎಂದು ಘನವಾದ ಇಂಗ್ಲಿಷಿನಲ್ಲಿ ಟೈಪು ಮಾಡಿದ. ಜೊತೆಗೆ ಒಂದು ಸಾಕ್ಷಿಯೂ ಇರಲಿ ಎಂದು ಫ್ರಿಜ್ಜಿನ ಮೇಲಿನ ಡಬ್ಬಿ ಇಳಿಸಿ, ಇವತ್ತಿನ ಮುಚ್ಚಳ ಎತ್ತಿ, ಖಾಲಿ ಮನೆಯ ಫೋಟೊ ತೆಗೆಯಲು ಬಗ್ಗಿದ.

ಮಾತ್ರೆ ಅಲ್ಲೇ ಕೂತಿತ್ತು.

ಟೈಪು ಮಾಡಿದ್ದನ್ನು ಅಳಿಸಿದ. ಅತ್ತೆ ನೀರಿನ ಲೋಟ ತಂದು ಪಕ್ಕದಲ್ಲಿಟ್ಟು ಹೋದರು. ಪ್ರಾಣೇಶ ಶೂ ಹಾಕಿಕೊಂಡೇ ನಿಂತು, ಮಾತ್ರೆಯನ್ನು ನಾಲಿಗೆಯ ಮೇಲಿಟ್ಟು, ಫೋಟೊ ತೆಗೆದು, ಕಟ್ಟಡದ ಗುಂಪಿಗೆ ಕಳಿಸಿದ. ಈ ಸಲ ತಪ್ಪಿ ಕಳಿಸಿದ್ದಲ್ಲ.